ಐನೂರು ಹಪ್ಪಳದ ಲೆಕ್ಕ

ಹೆಂಡತಿಯ ದೊಡ್ಡಮ್ಮ ಫೋನ್ ಮಾಡಿ "ಈ ಸಲ ಐನೂರು ಹಲಸಿನ ಹಪ್ಪಳ ಮಾಡಬೇಕು ಅಂತ ಇದೆ, ಕೈ ಸಾಲದು, ಬನ್ನಿ" ಅಂದಾಗ ನಾನೇ ಮುಂದಾಗಿ ಹೂಂ ಅಂದುಬಿಟ್ಟೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಮೇ ತಿಂಗಳು, ಏಳು ವರ್ಷದ ಮಗಳಿಗೆ ರಜೆ, ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟದ ತಂಪು. ಅರ್ಧ ದಿನ ಹಪ್ಪಳ, ಒಂದು ದಿನ ಜೋಗ, ಉಳಿದದ್ದೆಲ್ಲ ನಿದ್ದೆ. ಜೋಗಕ್ಕೆ ಹೋಗಲೇ ಇಲ್ಲ. ನಿದ್ದೆ ಒಂದೇ ಒಂದು ಸಲ ಮಾಡಿದೆ, ಅದೂ ಮಾಡಬಾರದ ಹೊತ್ತಿನಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಗುಬ್ಬಿ ತಾಲ್ಲೂಕಿನವನು. ಹಲಸು ಗೊತ್ತಿಲ್ಲದ ಊರಿನವನಲ್ಲ. ನಮ್ಮ ಚೇಳೂರಿಗೆ ಸೀಸನ್ನಿನಲ್ಲಿ ಬಂದರೆ ಹಲಸಿನ ವಾಸನೆ ಊರಿಗಿಂತ ಮೊದಲೇ ಸಿಗುತ್ತದೆ. ಕೆಂಪು ತೊಳೆಯ ಸಿದ್ದು ಹಲಸು ಅಲ್ಲಿಯದೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಒಂದು ಮರವನ್ನು ಗುರುತಿಸಿ ಕಸಿ ಗಿಡ ಮಾಡಿದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಆದರೆ ನಮಗೆ ಹಲಸು ಅಂದರೆ ಹಣ್ಣು. ಕೊಯ್ಯಿ, ತಿನ್ನು, ಬೀಜ ತೊಳೆದು ಸಾರಿಗೆ ಹಾಕು, ಮುಗೀತು. ಹಣ್ಣಾಗುವ ಮೊದಲೇ ಕಾಯಿ ಇಳಿಸಿ, ಬೇಯಿಸಿ, ಕುಟ್ಟಿ, ಒತ್ತಿ, ಒಣಗಿಸಿ, ಎಣಿಸಿ, ಕಟ್ಟಿ ಮಳೆಗಾಲಕ್ಕೆ ಡಬ್ಬಿ ತುಂಬುವ ಈ ರಗಳೆ ನಮ್ಮಲ್ಲಿಲ್ಲ. ಹಾಗಾಗಿ ಐನೂರು ಅನ್ನುವುದು ದೊಡ್ಡ ಸಂಖ್ಯೆ ಅಂತಲೇ ನನಗೆ ಅನ್ನಿಸಲಿಲ್ಲ.

ಬೆಂಗಳೂರಿನಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿದೆವು. ನಮ್ಮ ಗುಬ್ಬಿ ನಿದ್ದೆಯಲ್ಲೇ ದಾಟಿಹೋಯಿತು. ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ನನ್ನ ಷಡ್ಡಕ ಕಾರು ತಂದು ಕಾಯುತ್ತಿದ್ದ. ಹುಬ್ಬಳ್ಳಿಯವನು, ಹಿಂದಿನ ದಿನವೇ ಸಂಸಾರ ಸಮೇತ ಬಂದಿದ್ದ. ಡಿಕ್ಕಿ ತೆಗೆದರೆ ನಮ್ಮ ಬ್ಯಾಗಿಗೆ ಜಾಗ ಇಲ್ಲ. ಒಂದು ಹೊಸ ಮಿಕ್ಸಿ, ಪೆಟ್ಟಿಗೆಯಿಂದ ಇನ್ನೂ ಹೊರಗೆ ಬಂದಿಲ್ಲ. "750 ವ್ಯಾಟ್ ಐತ್ರೀ. ಒನಕಿ ಗಿನಕಿ ಏನೂ ಬ್ಯಾಡ, ಎರಡು ತಾಸಿನ ಕೆಲಸ" ಅಂದ. ಅವನ ಮಾತಿನ ಮೇಲೆ ನನಗೆ ಆಗ ತುಂಬ ನಂಬಿಕೆ ಬಂತು.

ಮನೆಗೆ ಕಾಲಿಡುತ್ತಿದ್ದ ಹಾಗೆ "ಆಸರಿಗೆ ಎಂತ ಬೇಕು?" ಅಂತ, ಅಂದರೆ ಕುಡಿಯಲು ಏನು ಬೇಕು ಅಂತ, ಕೇಳುವುದು ಅವರ ಕಡೆಯ ಪದ್ಧತಿ. ಬೇಡ ಅಂದರೂ ಏನಾದರೂ ಬರುತ್ತದೆ. ಬಿಸಿ ಕಷಾಯ ಬಂತು, ಆಮೇಲೆ ಕಾಗದದಷ್ಟು ತೆಳ್ಳಗಿನ ತೆಳ್ಳೇವು ದೋಸೆ, ಮೇಲೆ ಜೋನಿಬೆಲ್ಲ. ನಾನು ಎಂಟು ತಿಂದೆ. ಒಂಬತ್ತನೆಯದು ಬೇಡ ಅಂದಿದ್ದಕ್ಕೆ ಹುಷಾರಿಲ್ಲವಾ ಅಂತ ವಿಚಾರಿಸಿದರು.

ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಅವರ ಬಾಯಲ್ಲಿ ಒಂದು ಮಾತಿದೆ, "ಅಡ್ಡಿಲ್ಲೆ". ಅಡ್ಡಿಯಿಲ್ಲ ಅಂತ ಅರ್ಥ, ಆದರೆ ಅಷ್ಟೇ ಅಲ್ಲ. ಚೆನ್ನಾಗಿದೆ, ಪರವಾಗಿಲ್ಲ, ಹೋಗಲಿ ಬಿಡು, ನಿನ್ನಿಂದ ಇನ್ನೇನು ನಿರೀಕ್ಷೆ ಮಾಡಲಿ ಅನ್ನುವುದಕ್ಕೆಲ್ಲ ಇದೊಂದೇ. ಎಳೆದು ಹೇಳಿದರೆ ಒಂದು, ಮುಖ ತಿರುಗಿಸಿ ಹೇಳಿದರೆ ಇನ್ನೊಂದು. ಮದುವೆಯಾಗಿ ಹತ್ತು ವರ್ಷವಾದರೂ ನನಗೆ ಪೂರ್ತಿ ಬಗೆಹರಿದಿರಲಿಲ್ಲ. ಈ ನಾಲ್ಕು ದಿನದಲ್ಲಿ ಎಲ್ಲ ನಮೂನೆಯ ಅಡ್ಡಿಲ್ಲೆಯೂ ಕೇಳಿಯಾಯಿತು.

ದೊಡ್ಡಪ್ಪನದು ಲೆಕ್ಕದ ಇಲಾಖೆ. ಬಾಯಲ್ಲಿ ಎಲೆಅಡಿಕೆಯ ಕವಳ ಇರುವುದರಿಂದ ಮಾತು ಕಡಿಮೆ. ಜಗಲಿಯ ಕಂಬದ ಮೇಲೆ ಸೀಮೆಸುಣ್ಣದಲ್ಲಿ 500 ಅಂತ ದೊಡ್ಡದಾಗಿ ಬರೆದರು. ಒಂದು ಕಾಯಿಗೆ ಎಪ್ಪತ್ತೈದರ ಅಂದಾಜು, ಏಳು ಕಾಯಿ ಇಳಿಸಿದರೆ ಆಯಿತು.

ಕಾಯಿ ಇಳಿಸಲು ಹೋದೆವು. ಹಪ್ಪಳಕ್ಕೆ ಬಕ್ಕೆ ಹಲಸೇ ಆಗಬೇಕಂತೆ, ತೊಳೆ ಗಟ್ಟಿ ಇರುವಂಥದ್ದು. ಅದೂ ಪೂರಾ ಬಲಿತಿರಬೇಕು, ಆದರೆ ಹಣ್ಣಿನ ಕಡೆಗೆ ತಿರುಗಿರಬಾರದು. ಎಳೆಯದಾದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ, ಹಣ್ಣಿಗೆ ಬಂದಿದ್ದರೆ ಸಿಹಿ ಹತ್ತಿ ಎಣ್ಣೆಗೆ ಹಾಕಿದ ಕೂಡಲೇ ಕಪ್ಪಾಗುತ್ತದೆ. ಮುಳ್ಳು ಅಗಲವಾಗಿದೆಯಾ ಅಂತ ನೋಡುವುದು, ಬೆರಳಿನಿಂದ ತಟ್ಟಿ ಸದ್ದು ಕೇಳುವುದು. ದೊಡ್ಡಮ್ಮ ಮರದ ಬುಡದಲ್ಲಿ ನಿಂತು ದೋಟಿಯಿಂದ ತಟ್ಟಿಸಿ ಕಿವಿಗೊಟ್ಟು "ಅದು ಆಗ್ತು, ಇದು ಬ್ಯಾಡ" ಅಂತ ಹೇಳುತ್ತಿದ್ದರು. ನನಗೆ ಎಲ್ಲ ಕಾಯಿಯೂ ಡಬ್ ಅಂತಲೇ ಕೇಳಿಸಿತು.

ಪಕ್ಕದ ಮನೆಯ ಹುಡುಗ ಮರ ಹತ್ತಿ ತೊಟ್ಟಿಗೆ ಹಗ್ಗ ಕಟ್ಟಿ ಕೊಯ್ಯುವುದು, ನಾವಿಬ್ಬರು ಷಡ್ಡಕರು ಕೆಳಗೆ ನಿಂತು ಹಗ್ಗ ಸಡಿಲ ಬಿಡುತ್ತಾ ಕಾಯಿ ಇಳಿಸುವುದು. ಆರು ಕಾಯಿ ಚೆನ್ನಾಗಿಯೇ ಇಳಿದವು. ಏಳನೆಯದಕ್ಕೆ ಧೈರ್ಯ ಬಂದಿತ್ತು. ಅವನು ಹಿಡಿದಿದ್ದಾನೆ ಅಂತ ನಾನು ಬಿಟ್ಟೆ, ನಾನು ಹಿಡಿದಿದ್ದೇನೆ ಅಂತ ಅವನು ಬಿಟ್ಟ. ಹತ್ತು ಹನ್ನೆರಡು ಕಿಲೋದ ಕಾಯಿ ನೇರ ಗೊಬ್ಬರ ಗುಂಡಿಗೆ. ಒಡೆದಿದ್ದರೆ ತೊಳೆದುಕೊಳ್ಳಬಹುದಿತ್ತೇನೋ, ಅದು ಒಡೆಯುವುದಷ್ಟೇ ಅಲ್ಲ, ಒಳಗೆ ಹುದುಗಿಯೇ ಹೋಯಿತು. "ಅಡ್ಡಿಲ್ಲೆ" ಅಂದರು ದೊಡ್ಡಮ್ಮ. ಕಂಬದ ಮೇಲಿನ 500 ಹೊಡೆದು 450 ಆಯಿತು.

ಸಂಜೆ ಜಗಲಿಯಲ್ಲಿ ಹಳೆ ಚೀಲ ಹಾಸಿ ಎಲ್ಲರೂ ಸುತ್ತ ಕೂತೆವು. ಹಲಸಿನ ಕಾಯಿ ಹೆಚ್ಚುವ ಮೊದಲು ಕೈಗೆ, ಕತ್ತಿಗೆ, ಮೆಟ್ಟುಗತ್ತಿಗೆ ಕೊಬ್ಬರಿ ಎಣ್ಣೆ ಸವರಬೇಕು. ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಕಾಯಿಯಾದ್ದರಿಂದ ಹಣ್ಣಿಗಿಂತ ಮೇಣ ಜಾಸ್ತಿ, ಹೋಳು ಮಾಡಿದ ಕೂಡಲೇ ಹಾಲಿನ ಹಾಗೆ ಸುರಿಯುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುವುದು ಮಕ್ಕಳ ಕೆಲಸ. ನನ್ನ ಮಗಳು ತುಂಬ ಶ್ರದ್ಧೆಯಿಂದ ಸುತ್ತಿದಳು. ಆಮೇಲೆ ಅದೇ ಕಡ್ಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು, ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾರಲ್ಲ ಹಾಗೆ. ಹತ್ತು ನಿಮಿಷದಲ್ಲಿ ಜಡೆ, ಕಿವಿ, ಓಲೆ ಎಲ್ಲ ಒಂದೇ ಮುದ್ದೆ. ಹೆಂಡತಿ ನನ್ನ ಕಡೆ ನೋಡಿದಳು, ಕಡ್ಡಿ ಕೊಟ್ಟವನು ನಾನೇ. ಅರ್ಧ ಲೋಟ ಎಣ್ಣೆ ಸುರಿದು ಒಂದೊಂದೇ ಎಳೆ ಬಿಡಿಸುವಷ್ಟರಲ್ಲಿ ಒಂದು ಗಂಟೆ. ಓಲೆಯ ತಿರುಪಿನಲ್ಲಿ ಆ ಮೇಣ ಇವತ್ತಿಗೂ ಸ್ವಲ್ಪ ಇದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಎಡವಟ್ಟು. ನಾವು ತೊಳೆ ಅನ್ನುವುದನ್ನು ಅವರು ಸೊಳೆ ಅನ್ನುತ್ತಾರೆ, ಅದು ಗೊತ್ತಿತ್ತು. ದೊಡ್ಡಮ್ಮ "ಬೇಳೆ ತೆಗೆದು ಬುಟ್ಟಿಗೆ ಹಾಕು" ಅಂದರು. ರಾತ್ರಿ ಸಾರಿಗೆ ಇರಬೇಕು ಅಂದುಕೊಂಡು ನಾನು ಅಡುಗೆಮನೆಗೆ ಹೋಗಿ ಡಬ್ಬಿ ಹುಡುಕಿ ಒಂದು ಸೇರು ತೊಗರಿಬೇಳೆ ತಂದು ಬುಟ್ಟಿಗೆ ಸುರಿದೆ. ಆ ಬುಟ್ಟಿಯಲ್ಲಿ ಆಗಲೇ ಮೇಣ ಹತ್ತಿದ ಹಲಸಿನ ಬೀಜ ಇದ್ದವು. ಬೇಳೆ ಅಂದರೆ ಅಲ್ಲಿ ಹಲಸಿನ ಬೀಜ! ಇಡೀ ಜಗಲಿ ಒಂದು ಕ್ಷಣ ಸುಮ್ಮನಾಗಿ ಆಮೇಲೆ ಬಿದ್ದು ಬಿದ್ದು ನಕ್ಕಿತು. ಕವಳ ಹಾಕಿದ್ದ ದೊಡ್ಡಪ್ಪ ಎದ್ದು ಅಂಗಳಕ್ಕೆ ಓಡಿದರು. ಮೇಣದ ಬೀಜಕ್ಕೆ ಅಂಟಿದ ತೊಗರಿಬೇಳೆ ಬಿಡಿಸುವ ಕೆಲಸ ನನಗೇ ಬಂತು. ಮರುದಿನದಿಂದ ಆ ಊರಿನಲ್ಲಿ ನನ್ನನ್ನು ಕಂಡವರೆಲ್ಲ ಬೇಳೆ ಸಿಕ್ಕಿತಾ ಅಂತ ಕೇಳುತ್ತಿದ್ದರು. ಹಾಲು ಹಾಕಲು ಬಂದವರೂ ಕೇಳಿದರು.

ಐದನೆಯ ಕಾಯಿ ಒಡೆದಾಗ ಘಮ್ ಅಂತ ವಾಸನೆ. ಒಳಗೆ ಹಳದಿ. ಹಣ್ಣಾಗಿಬಿಟ್ಟಿತ್ತು. ಹಪ್ಪಳಕ್ಕೆ ಲಾಯಕ್ಕಿಲ್ಲ, ಕಡುಬಿಗೆ ಆಯಿತು. ತಟ್ಟಿ ನೋಡಿ ಆರಿಸಿದ್ದು ದೊಡ್ಡಮ್ಮನೇ ಆದ್ದರಿಂದ ಯಾರೂ ಮಾತಾಡಲಿಲ್ಲ. ಅವರೇ ಸ್ವಲ್ಪ ಹೊತ್ತು ಬಿಟ್ಟು "ಅಡ್ಡಿಲ್ಲೆ" ಅಂದುಕೊಂಡರು. ಇದು ಬೇರೆ ಥರದ ಅಡ್ಡಿಲ್ಲೆ. ಕಂಬದ ಮೇಲೆ 375.

ಶನಿವಾರ ನಾಲ್ಕೂವರೆಗೆ ಎಬ್ಬಿಸಿದರು. ಬಿಸಿಲು ಏರುವ ಮೊದಲು ಹಪ್ಪಳ ಒತ್ತಿ ಹಾಕಿದರೆ ಒಂದು ದಿನದ ಪೂರ್ತಿ ಬಿಸಿಲು ಸಿಗುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಆ ಕಡೆಯ ಆಕಾಶವನ್ನು ನಂಬಿ ಕೂರುವ ಹಾಗಿಲ್ಲ. ದೊಡ್ಡ ಇಡ್ಲಿ ಪಾತ್ರೆಯಲ್ಲಿ ಸೊಳೆ ತುಂಬಿ ಹಬೆಯಲ್ಲಿ ಬೇಯಿಸಿದರು. ನೀರು ತಾಗಬಾರದು. ತಾಗಿದರೆ ಹಿಟ್ಟು ತೆಳ್ಳಗಾಗಿ ಕೈಗೆಲ್ಲ ಮೆತ್ತುತ್ತದೆ. ಎರಡು ಬೆರಳಲ್ಲಿ ಹಿಚುಕಿದರೆ ನುಣ್ಣಗೆ ಮುದ್ದೆಯಾಗಬೇಕು, ಅಲ್ಲಿಗೆ ಬೆಂದಿದೆ ಅಂತ. ಬೆಂದದ್ದನ್ನು ಬಿಸಿ ಇರುವಾಗಲೇ ರುಬ್ಬಬೇಕು. ಆರಿದರೆ ಗಂಟು ಉಳಿಯುತ್ತದೆ.

ಈಗ ಷಡ್ಡಕನ ಸರದಿ. ಮಿಕ್ಸಿಯನ್ನು ಪೆಟ್ಟಿಗೆಯಿಂದ ತೆಗೆದ. ದೊಡ್ಡಮ್ಮ ಅದಕ್ಕೊಂದು ಹೂ ಇಟ್ಟರು. ಮೊದಲ ಜಾರು ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಸದ್ದು ಬದಲಾಯಿತು. ಒಂದು ತೊಟ್ಟೂ ನೀರಿಲ್ಲದ ಗಟ್ಟಿ ಹಿಟ್ಟು, ಅಂಟಿನಂಥದ್ದು, ಬ್ಲೇಡು ಒಂದು ಸುತ್ತು ತಿರುಗಿ ನಿಲ್ಲುತ್ತದೆ. ಇವನು ಗುಂಡಿ ಮೂರಕ್ಕೆ ತಿರುಗಿಸಿ ಮುಚ್ಚಳ ಒತ್ತಿ ಹಿಡಿದ. ಸುಟ್ಟ ವಾಸನೆ ಬಂತು. "ಹೊಸಾದು ಐತಲ್ರೀ, ಮೊದಮೊದಲು ಹಂಗಽ ಬರತೈತಿ" ಅಂದ. ಆಮೇಲೆ ಹೊಗೆ ಬಂತು. ಹೊಗೆಗೆ ಅವನ ಹತ್ತಿರ ಸಮಾಧಾನ ಇರಲಿಲ್ಲ. ದೊಡ್ಡಮ್ಮನ ಮಿಕ್ಸಿ ಕೊಡಿ ಅಂದರೆ ಅವರು ಕೊಡಲಿಲ್ಲ. ಬುದ್ಧಿವಂತರು.

ಹಿತ್ತಿಲ ಕಡೆಯ ಕಲ್ಲಿನ ಒರಳು ತೊಳೆದೆವು. ಒನಕೆಯ ತುದಿಗೆ ಎಣ್ಣೆ ಹಚ್ಚಿದೆವು. ಇಬ್ಬರು ಎದುರುಬದುರು ನಿಂತು ಒಬ್ಬರು ಎತ್ತುವಾಗ ಇನ್ನೊಬ್ಬರು ಹಾಕಬೇಕು. ನೋಡಲು ಏನೂ ಇಲ್ಲ. ನಾನೂ ಷಡ್ಡಕನೂ ಶುರು ಮಾಡಿದೆವು. ಮೂರನೆಯ ಏಟಿಗೆ ಒನಕೆಗೆ ಒನಕೆ ತಾಗಿ ಮೊಣಕೈವರೆಗೆ ಜುಮ್ ಅಂತು. ಆರನೆಯದಕ್ಕೆ ಮತ್ತೆ. ದೊಡ್ಡಮ್ಮ ಬಂದು ನನ್ನ ಕೈಯಿಂದ ಒನಕೆ ತೆಗೆದುಕೊಂಡು ಹೆಂಡತಿಯನ್ನು ಎದುರಿಗೆ ನಿಲ್ಲಿಸಿದರು. ಆಮೇಲೆ ನೋಡಬೇಕು ನೀವು. ಹುಂ, ಹುಂ ಅಂತ ಉಸಿರಿನಲ್ಲೇ ತಾಳ. ಬೆಂಗಳೂರಿನಲ್ಲಿ ನೀರಿನ ಕ್ಯಾನು ಎತ್ತಲು ನನ್ನನ್ನು ಕರೆಯುವ ಹೆಂಡತಿ ಕಾಲು ಗಂಟೆ ನಿಲ್ಲಿಸದೆ ಕುಟ್ಟಿದಳು. ನಮಗಿಬ್ಬರಿಗೆ ಒರಳಿನ ಪಕ್ಕ ಕೂತು ಹಿಟ್ಟು ಮಗುಚುವ ಕೆಲಸ ಸಿಕ್ಕಿತು. ಏಟು ಬೀಳುವ ನಡುವೆ ಕೈ ಹಾಕಿ ತೆಗೆಯಬೇಕು. ಹೆಂಡತಿಯ ಮೇಲೆ ಪೂರ್ತಿ ವಿಶ್ವಾಸ ಇದ್ದವರು ಮಾತ್ರ ಮಾಡುವ ಕೆಲಸ ಅದು.

ಹಿಟ್ಟಿಗೆ ಉಪ್ಪು, ಮೆಣಸಿನಪುಡಿ, ಜೀರಿಗೆ, ಚೂರು ಇಂಗು. ಉಪ್ಪು ನಾಲಿಗೆಗೆ ಒಂದು ಕೈ ಕಡಿಮೆ ಅನ್ನಿಸುವಷ್ಟೇ ಇರಬೇಕಂತೆ, ಒಣಗಿದ ಮೇಲೆ ಅದೇ ಏರಿಕೊಳ್ಳುತ್ತದೆ. ಇದು ನನಗೆ ಗೊತ್ತಿಲ್ಲ. ರುಚಿ ನೋಡಿದೆ, ಸಪ್ಪೆ ಅನ್ನಿಸಿತು, ಯಾರಿಗೂ ಹೇಳದೆ ಒಂದು ಹಿಡಿ ಹಾಕಿದೆ. ನಾದಿನಿಗೂ ಸಪ್ಪೆ ಅನ್ನಿಸಿತ್ತಂತೆ, ಅವಳೂ ಯಾರಿಗೂ ಹೇಳಿರಲಿಲ್ಲ. ಅದೃಷ್ಟಕ್ಕೆ ಅದು ಮೊದಲ ಒಬ್ಬೆ. ಎರಡನೆಯ ಒಬ್ಬೆಗೆ ಉಪ್ಪೇ ಹಾಕದೆ ಎರಡನ್ನೂ ಸೇರಿಸಿ ಮತ್ತೆ ಕುಟ್ಟಿಸಿದರು. ಮತ್ತೆ ಕುಟ್ಟಿದ್ದೂ ಅವರೇ, ನಾವಲ್ಲ.

ಅಷ್ಟರಲ್ಲಿ ಅಕ್ಕಪಕ್ಕದ ಮನೆಯ ನಾಲ್ಕು ಜನ ಹೆಂಗಸರು ತಮ್ಮ ತಮ್ಮ ಮಣೆ ಹಿಡಿದುಕೊಂಡು ಬಂದರು. ಕರೆದಿರಲಿಲ್ಲ, ಒನಕೆ ಸದ್ದು ಕೇಳಿ ಬಂದದ್ದು. ಇದಕ್ಕೆ ಮುಯ್ಯಾಳು ಅನ್ನುತ್ತಾರೆ. ಇವತ್ತು ನಿಮ್ಮ ಮನೆ ಹಪ್ಪಳಕ್ಕೆ ನಾವು, ನಾಳೆ ನಮ್ಮ ಮನೆಯದಕ್ಕೆ ನೀವು. ದುಡ್ಡಿನ ಮಾತಿಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ ಅಂತ ನಾನು ಹೆಂಡತಿಗೆ ಹೇಳಿದೆ. ಆ "ನೀವು" ಅನ್ನುವುದರಲ್ಲಿ ನಾನೂ ಇದ್ದೇನೆ ಅಂತ ಆಗ ಹೊಳೆದಿರಲಿಲ್ಲ.

ಒತ್ತುವುದು ಹೀಗೆ. ನಿಂಬೆಹಣ್ಣಿನಷ್ಟು ಉಂಡೆ, ಅದರ ಮೇಲೂ ಕೆಳಗೂ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆ. ಹಿಂದೆ ಬಾಳೆಲೆ ಇತ್ತಂತೆ, ಈಗ ಹಾಲಿನ ಕೊಟ್ಟೆಯನ್ನು ಸೀಳಿ ತೊಳೆದು ವರ್ಷವಿಡೀ ಕೂಡಿಡುತ್ತಾರೆ. ಅದನ್ನು ಎರಡು ಮಣೆಯ ನಡುವೆ ಇಟ್ಟು ಒತ್ತಿದರೆ ಅಂಗೈ ಅಗಲದ ಹಪ್ಪಳ. ಎಲ್ಲ ಕಡೆ ಒಂದೇ ದಪ್ಪ ಬರಬೇಕು. ಆ ಹೆಂಗಸರು ಮಾತಾಡುತ್ತಾ, ಯಾರದೋ ಮನೆಯ ಮದುವೆ ಮಾತುಕತೆ ಮುರಿದ ಕಥೆ ಹೇಳುತ್ತಾ, ಮಣೆ ನೋಡದೆಯೇ ಒಂದರ ಹಿಂದೊಂದು ಹಾಕುತ್ತಿದ್ದರು. ನನ್ನದು ಒಂದು ಕಡೆ ಚಪಾತಿ, ಒಂದು ಕಡೆ ಪಾರದರ್ಶಕ. ಮಗಳು ಮಣೆಯ ಮೇಲೆ ಕೂತು ಕುಂಡೆಯಿಂದ ಒತ್ತುವ ವಿಧಾನ ಕಂಡುಹಿಡಿದಳು. ಅವಳದೇ ನನ್ನದಕ್ಕಿಂತ ಚೆನ್ನಾಗಿ ಬಂತು ಅಂತ ಎಲ್ಲರೂ ಹೇಳಿದರು, ನಾನು ಇದನ್ನು ಒಪ್ಪುವುದಿಲ್ಲ.

ಇನ್ನೊಂದು ಹೇಳಲೇಬೇಕು. ಹಪ್ಪಳಕ್ಕಿಂತ ಹಪ್ಪಳದ ಹಿಟ್ಟೇ ರುಚಿ. ಬಿಸಿ ಹಿಟ್ಟಿನ ಉಂಡೆಗೆ ನಡುವೆ ಗುಳಿ ಮಾಡಿ ಕೊಬ್ಬರಿ ಎಣ್ಣೆ ಬಿಟ್ಟು ಬಾಯಿಗೆ ಹಾಕಿಕೊಂಡರೆ, ಅಬ್ಬಾ. ಮಕ್ಕಳು ತಿಂದರು, ಮಕ್ಕಳಿಗೆ ಕೊಡುವ ನೆಪದಲ್ಲಿ ನಾವು ತಿಂದೆವು. ಕೊನೆಗೆ ಒತ್ತಿ ಮುಗಿಸಿ ಎಣಿಸಿದರೆ 362. ದೊಡ್ಡಪ್ಪ ಕಂಬದ ಮೇಲೆ ಬರೆಯುವ ಮೊದಲು ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿದರು.

ಅಂಗಳದ ಚಪ್ಪರದ ಮೇಲೆ ಚಾಪೆ ಹಾಸಿ ಮುಕ್ಕಾಲು ಪಾಲು, ಜಾಗ ಸಾಲದ್ದಕ್ಕೆ ಉಳಿದದ್ದು ಕೆಳಗೆ ಅಂಗಳದಲ್ಲೇ. ಕಾಗೆ ಹೆದರಲಿ ಅಂತ ಒಂದು ಕಪ್ಪು ಕೊಡೆ ಬಿಚ್ಚಿ ಮಧ್ಯೆ ನಿಲ್ಲಿಸಿದ್ದಾಯಿತು. ಮಂಗಗಳಿಗೆ ಕೊಡೆ ಲೆಕ್ಕಕ್ಕಿಲ್ಲ, ಅದಕ್ಕೊಬ್ಬ ಆಳು ಬೇಕು. ಬೇರೆ ಯಾವ ಕೆಲಸಕ್ಕೂ ಬರದವನು ನಾನೇ ಉಳಿದಿದ್ದೆ. ಕೋಲು ಕೊಟ್ಟು ಜಗಲಿಯಲ್ಲಿ ಕೂರಿಸಿದರು.

ಊಟಕ್ಕೆ ಅಪ್ಪೆಹುಳಿ ಮಾಡಿದ್ದರು. ಮಾವಿನಕಾಯಿಯ ತೆಳು ಹುಳಿ, ಇಂಗಿನ ಒಗ್ಗರಣೆ. ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಜಾಸ್ತಿ. ಎರಡು ಲೋಟ ಕುಡಿದೆ, ಮೂರನೆಯದನ್ನೂ ಕುಡಿದೆ. ಅದು ಕುಡಿದರೆ ನಿದ್ದೆ ಎಳೆಯುತ್ತದೆ ಅಂತ ಆ ಕಡೆ ಎಲ್ಲರಿಗೂ ಗೊತ್ತು. ಕಾವಲಿಗೆ ಕೂರಿಸಿದವರು ಒಂದು ಮಾತು ಹೇಳಬಹುದಿತ್ತು. ನಾನು ಕಂಬಕ್ಕೆ ಒರಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಚಪ್ಪರದ ಮೇಲಿನ ದಡದಡ ಸದ್ದು. ಕಣ್ಣು ಬಿಟ್ಟರೆ ಮಾಡಿನ ಮೇಲೆ ಸಾಲಾಗಿ ಮಂಗಗಳು, ಎರಡೂ ಕೈಯಲ್ಲಿ ಹಪ್ಪಳ. ಒಂದು ದೊಡ್ಡ ಗಡವ ನನ್ನನ್ನೇ ನೋಡುತ್ತಾ ನಿಧಾನಕ್ಕೆ ಅಗಿಯುತ್ತಿತ್ತು. ಕೋಲು ಎಸೆದೆ. ಕೋಲು ಕೊಡೆಗೆ ಬಿತ್ತು, ಕೊಡೆ ಉರುಳಿತು, ಆ ಗದ್ದಲಕ್ಕೆ ಎಲ್ಲರೂ ಒಳಗಿನಿಂದ ಓಡಿಬಂದರು. ಬಂದ ಮೇಲೆ ನೋಡಿದರೆ ಕೆಳಗಿನ ಚಾಪೆಯ ಹತ್ತಿರ ಕೊಟ್ಟಿಗೆಯ ಕರು. ಹಗ್ಗ ಯಾವಾಗ ಬಿಚ್ಚಿಕೊಂಡಿತ್ತೋ, ಉಪ್ಪಿನ ರುಚಿ ಹತ್ತಿ ಚಾಪೆಯ ಒಂದು ಮೂಲೆ ನೆಕ್ಕಿ ಹಸನು ಮಾಡಿತ್ತು. ಯಾರೂ ಬಯ್ಯಲಿಲ್ಲ. ದೊಡ್ಡಮ್ಮ ಅಡ್ಡಿಲ್ಲೆ ಅಂತಲೂ ಅನ್ನಲಿಲ್ಲ. ಆಗ ನಿಜವಾಗಿ ಹೆದರಿಕೆಯಾಯಿತು.

ನಾಲ್ಕು ಗಂಟೆಗೆ ಪಡುವಣ ಕಡೆ ಕಪ್ಪಾಯಿತು. ಗುಡುಗು ಶುರುವಾಗಿ ಮಳೆ ಬೀಳುವಷ್ಟರಲ್ಲಿ ಸಿಕ್ಕ ಸಮಯ ಐದು ನಿಮಿಷ ಇರಬಹುದು. ಷಡ್ಡಕ ಏಣಿ ಹತ್ತಿದ, ನಾನು ಕೆಳಗೆ ಏಣಿ ಹಿಡಿದೆ, ಹೆಂಡತಿಯೂ ನಾದಿನಿಯೂ ಚಾಪೆಯ ತುದಿ ಹಿಡಿದು ಎಳೆದರು, ಮಕ್ಕಳು ಸುಮ್ನೆ ಕಿರುಚಿದರು. ಕೊನೆಯ ಚಾಪೆ ಇಳಿಯುವಾಗ ಮಗುಚಿಕೊಂಡು ಅರ್ಧ ಹಪ್ಪಳ ಷಡ್ಡಕನ ತಲೆಯ ಮೇಲೆ, ಅರ್ಧ ಕೆಸರಿಗೆ. ಒಳಗೆ ಬಂದು ಉಳಿದದ್ದನ್ನು ನಡುಮನೆಯ ತುಂಬ ಹರಡಿ ಫ್ಯಾನು ಹಾಕಿದೆವು. ಕರೆಂಟು ಹೋಯಿತು. ಮಳೆ ಬಂದ ಮೇಲೆ ಆ ಕಡೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ.

ಅರೆ ಒಣಗಿದ ಹಪ್ಪಳಕ್ಕೆ ರಾತ್ರಿಯಿಡೀ ಶೀತ ಹಿಡಿದರೆ ಬೂಸಲು ಬರುತ್ತದೆ. ಅದಕ್ಕೇ ಜೋರು ಹಸಿ ಇದ್ದದ್ದನ್ನು ಬಚ್ಚಲು ಒಲೆಯ ಪಕ್ಕ ಬುಟ್ಟಿ ಕವುಚಿ ಅದರ ಮೇಲೆ ಹರಡಿದರು. ರಾತ್ರಿ ಸರದಿಯ ಪ್ರಕಾರ ಎದ್ದು ಮಗುಚಬೇಕು. ನಡುಮನೆ ತುಂಬ ಹಪ್ಪಳವಾದ್ದರಿಂದ ನಾವು ಮಲಗಿದ್ದು ಅಟ್ಟದಲ್ಲಿ, ಅಡಿಕೆ ಚೀಲಗಳ ನಡುವೆ. ಕತ್ತಲಲ್ಲಿ ಟಾರ್ಚು ಹಿಡಿದು ಹಪ್ಪಳ ತುಳಿಯದೆ ಬಚ್ಚಲಿಗೆ ಹೋಗುವುದು ಒಂದು ವಿದ್ಯೆ. ಎರಡು ಸಲ ತುಳಿದೆ, ಎರಡನ್ನೂ ಮತ್ತೆ ಚಪ್ಪಟೆ ಮಾಡಿ ಇಟ್ಟೆ. ಇದನ್ನು ಇಲ್ಲಿಯೇ ಮೊದಲ ಸಲ ಹೇಳುತ್ತಿರುವುದು.

ಭಾನುವಾರ ಒಳ್ಳೆಯ ಬಿಸಿಲು. ಜೋಗಕ್ಕೆ ಹೋಗೋಣವಾ ಅಂತ ಮೆಲ್ಲಗೆ ಕೇಳಿದೆ. ಬೇಸಗೆಯಲ್ಲಿ ಜೋಗದಲ್ಲಿ ಎಂತ ಇದೆ, ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿರುತ್ತದೆ, ಬರೀ ಬಂಡೆ ನೋಡಿ ಬರುತ್ತೀರಿ ಅಂದರು ದೊಡ್ಡಪ್ಪ. ನಾಲ್ಕು ದಿನದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅಷ್ಟರಲ್ಲಿ ಪಕ್ಕದ ಮನೆಯಿಂದ ಒನಕೆ ಸದ್ದು ಕೇಳಿಸಿತು. ದೊಡ್ಡಮ್ಮ ಮಣೆ ಎತ್ತಿಕೊಂಡು ಎದ್ದರು. ಹೆಂಡತಿ ಎದ್ದಳು, ನಾದಿನಿ ಎದ್ದಳು. ನನ್ನ ಕೈಗೂ ಒಂದು ಮಣೆ ಬಂತು. ಮುಯ್ಯಾಳು!

ಆ ಮನೆಯವರು ಬಾಗಿಲಲ್ಲೇ ನನ್ನನ್ನು ನೋಡಿ "ಬನ್ನಿ, ಬೇಳೆಯ ಡಬ್ಬಿ ಮೇಲಿನ ಕಪಾಟಿಗೆ ಇಟ್ಟಿದ್ದೇವೆ" ಅಂದರು. ಏನೇ ಆಗಲಿ, ಅವತ್ತು ನನ್ನ ಕೈ ಸ್ವಲ್ಪ ಕುದುರಿತು. ಇನ್ನೊಬ್ಬರ ಮನೆಯ ಹಪ್ಪಳ ಅಂದರೆ ಭಯ ಇರುತ್ತದೆ ನೋಡಿ. ನಲವತ್ತು ಒತ್ತಿದೆ, ಅದರಲ್ಲಿ ಮೂವತ್ತಾದರೂ ದುಂಡಗಿದ್ದವು. ಷಡ್ಡಕ ಮಂಗ ಕಾಯಲು ಕೂತ. ಅವನಿಗೆ ಊಟದಲ್ಲಿ ಯಾರೂ ಅಪ್ಪೆಹುಳಿ ಬಡಿಸಲಿಲ್ಲ, ಆ ಮನೆಯವರಿಗೆ ಸುದ್ದಿ ಮುಟ್ಟಿತ್ತು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಹಪ್ಪಳ ಮುರಿದರೆ ಟಪ್ ಅಂತ ಸದ್ದು ಬರುವ ಹಾಗೆ ಒಣಗಿತು. ನಾನು ಒಂದು ದಿನದ ರಜೆ ಹೆಚ್ಚಿಗೆ ಹಾಕಿದ್ದೆ. ಆಫೀಸಿಗೆ ಕಾರಣ ಹೇಳುವಾಗ ಮನೆಯಲ್ಲಿ ಒಂದು ಕಾರ್ಯ ಇದೆ ಅಂದೆ, ಸುಳ್ಳೇನಲ್ಲ. ದೊಡ್ಡಮ್ಮ ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, ಇಪ್ಪತ್ತೈದು ಎಣಿಸಿ ಬಾಳೆನಾರಿನಲ್ಲಿ ಕಟ್ಟು ಕಟ್ಟಿದರು. ಒಂಬತ್ತು ಕಟ್ಟು, ಮೇಲೆ 22. ದೊಡ್ಡಪ್ಪ ಕಂಬದ ಮೇಲೆ 247 ಬರೆದು ಅಡಿಗೆರೆ ಎಳೆದರು. ಮಂಗ ಎಷ್ಟು, ಕರು ಎಷ್ಟು, ಕೆಸರಿಗೆ ಎಷ್ಟು ಅಂತ ಬಿಡಿಸಿ ಬರೆಯಲು ಷಡ್ಡಕ ಕೂತ. ಎಷ್ಟು ಕೂಡಿಸಿದರೂ ಹತ್ತು ಹದಿನೈದರ ಲೆಕ್ಕ ಹತ್ತಲಿಲ್ಲ. ಅರೆ ಒಣಗಿದ ಹಪ್ಪಳ ಕದ್ದು ತಿನ್ನುವುದು ಎಲ್ಲ ಮಕ್ಕಳೂ ಮಾಡುವ ಕೆಲಸ, ಆದರೆ ಕೇಳಿದಾಗ ಎಲ್ಲ ಮಕ್ಕಳೂ ತಲೆ ಅಲ್ಲಾಡಿಸಿದರು.

ಹಂಚಿಕೆ ಹೀಗಾಯಿತು. ಪುಣೆಯ ಮಗನಿಗೆ ಮೂರು ಕಟ್ಟು, ಷಡ್ಡಕನಿಗೆ ಎರಡು, ನಮಗೆ ಎರಡು, ಮನೆಗೆ ಎರಡು. ಮೇಲಿನ 22 ಮುಯ್ಯಾಳಿಗೆ ಬಂದವರ ಮನೆಗಳಿಗೆ. ಬೂದಿ ವಾಸನೆಯ ಬಚ್ಚಲು ಒಲೆಯ ಹಪ್ಪಳಗಳನ್ನು ಷಡ್ಡಕ ತಾನೇ ಕೇಳಿ ಇಸಕೊಂಡ. ಸುಟ್ಟ ಮಿಕ್ಸಿಯೂ ಅವನ ಡಿಕ್ಕಿಯಲ್ಲೇ ವಾಪಸು ಹೋಯಿತು. ಹೊರಡುವಾಗ ನಾನು ಐನೂರು ಆಗಲಿಲ್ಲವಲ್ಲ ದೊಡ್ಡಮ್ಮ ಅಂದೆ. "ನನಗೆ ಬೇಕಾದ್ದು ಇನ್ನೂರು. ಐನೂರು ಅಂತ ಹೇಳದೇ ಇದ್ದಿದ್ದರೆ ನೀವೆಲ್ಲ ಬರ್ತಿದ್ರಾ?" ಅಂದರು.

ಬೆಂಗಳೂರಿಗೆ ಬಂದು ಡಬ್ಬಿಯನ್ನು ಮೇಲಿನ ಹಲಗೆಯಲ್ಲಿ ಇಟ್ಟು ಮರೆತೆವು. ಜುಲೈನಲ್ಲಿ ಒಂದು ಸಂಜೆ ಮಳೆ ಹಿಡಿಯಿತು. ಹೆಂಡತಿ ಕೊಬ್ಬರಿ ಎಣ್ಣೆ ಕಾಯಿಸಿದಳು. ಎಣ್ಣೆ ಚೆನ್ನಾಗಿ ಕಾಯಬೇಕು, ಇಲ್ಲದಿದ್ದರೆ ಹಲಸಿನ ಹಪ್ಪಳ ಚರ್ಮದ ಹಾಗಾಗುತ್ತದೆ. ಬಿಟ್ಟ ಕೂಡಲೇ ತಿರುವಿ ತೆಗೆಯಬೇಕು. ಮೊದಲ ಮೂರು ಚೆನ್ನಾಗಿ ಬಂದವು, ಅಂದರೆ ನಾನು ಒತ್ತಿದ್ದಲ್ಲ. ನಾಲ್ಕನೆಯದು ಡಬ್ಬಿಯಿಂದ ತೆಗೆದಾಗಲೇ ಒಂದು ಬದಿ ಇರಲಿಲ್ಲ. ಎಣ್ಣೆಯಲ್ಲಿ ಅರಳಿ ಮೇಲೆ ಬಂದಾಗ ಸರಿಯಾಗಿ ಕಾಣಿಸಿತು. ಅರ್ಧ ಚಂದ್ರನ ಹಾಗೆ ಕಚ್ಚಿದ ಗುರುತು, ಸಾಲಾಗಿ ಹಲ್ಲಿನ ಅಚ್ಚು, ನಟ್ಟನಡುವೆ ಮಾತ್ರ ಒಂದು ಹಲ್ಲಿನ ಜಾಗ ಖಾಲಿ. ದೊಡ್ಡಮ್ಮ ಬೆಳಕಿಗೆ ಹಿಡಿದು ನೋಡಿ ಎಣಿಸಿ ಕಟ್ಟಿದ ಕಟ್ಟು ಅದು.

ಮೇ ತಿಂಗಳಲ್ಲಿ ಮಗಳ ಮುಂದಿನ ಹಲ್ಲು ಬಿದ್ದಿತ್ತು. ಹೆಂಡತಿ ಹಪ್ಪಳವನ್ನು ಜಾಲರಿಯಲ್ಲಿ ಎತ್ತಿ ಹಿಡಿದು ಅವಳ ಕಡೆ ನೋಡಿದಳು. ನಾನೂ ನೋಡಿದೆ. ಮಗಳು ಹಪ್ಪಳ ನೋಡಿದಳು, ನಮ್ಮನ್ನು ನೋಡಿದಳು, ಬಾಯಿ ಮುಚ್ಚಿಕೊಂಡೇ ಹೇಳಿದಳು.

"ಅದು ಮಂಗ ಕಚ್ಚಿದ್ದು. ಅಪ್ಪ ಮಲಗಿದ್ದಾಗ."